ಲೋರ್ನಾಳ ಬೈಕಿನ ಹ್ಯಾಂಡಲ್

ಕ್ವಿಲ್ಪಿ ಎಂಬ ಊರಿನ ಪಶ್ಚಿಮಕ್ಕಿದ್ದ ದನದ ಫಾರ್ಮಿನಲ್ಲೇ ಹುಟ್ಟಿ ಬೆಳೆದ ಲೋರ್ನಾ ಪ್ರೌಟ್ ಕುದುರೆ ಬಿಟ್ಟು ಬೈಕ್ ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಮಲ್ಗಾ ಪೊದೆಗಳ ನಡುವೆ, ದನ ಬೆದರದ ಹಾಗೆ, ನೆಲಕ್ಕೆ ಕಾಲೂರದೆ ಅವಳಷ್ಟು ನಿಧಾನವಾಗಿ ಬೈಕ್ ಓಡಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಹಾಗೆ ಓಡಿಸಬೇಕಾದರೆ ಹ್ಯಾಂಡಲ್ ಹಗುರಾಗಿ ತಿರುಗಬೇಕು.

ಫಾರ್ಮಿನ ಅರ್ಧ ಅವಳದು, ಇನ್ನರ್ಧದ ಒಡೆಯ ಅವಳ ಅಣ್ಣ ಡೆಸ್. ಪ್ರಾಯದಲ್ಲಿ ಮರಳುಗಾಡಿನ ರೇಸುಗಳಿಗೆ ಹೋಗುತ್ತಿದ್ದವ. ವೇಗದಲ್ಲಿ ಅದುರಬಾರದೆಂದು ಹ್ಯಾಂಡಲನ್ನು ಬಿಗಿ ಮಾಡಿಕೊಳ್ಳುವುದು ಅವನ ಅಭ್ಯಾಸ. ತನಗೆ ಸರಿ ಕಂಡದ್ದು ಊರಿಗೆಲ್ಲ ಸರಿ ಎಂದುಕೊಳ್ಳುವುದು ಅವನ ಇನ್ನೊಂದು ಅಭ್ಯಾಸ.

ಲಾರಿಗೆ ಹತ್ತಿಸಲು ದನಗಳನ್ನು ದೊಡ್ಡಿಗೆ ಹೊಡೆದು ತರುತ್ತಿದ್ದ ಒಂದು ಬೆಳಿಗ್ಗೆ ಕೆಂಪು ಹಸುವೊಂದು ಹಿಂಡು ಬಿಟ್ಟು ಹಿಂದಕ್ಕೆ ಓಡಿತು. ಲೋರ್ನಾ ಅದನ್ನು ಅಡ್ಡಗಟ್ಟಲು ಹ್ಯಾಂಡಲ್ ಎಳೆದಳು. ಹ್ಯಾಂಡಲ್ ಅರ್ಧಕ್ಕೇ ಬಿಗಿಯಾಗಿ ನಿಂತಿತು. ಬೈಕ್ ನೆಟ್ಟಗೆ ಹೋಗಿ ಬಿದ್ದ ಮರದ ಬೊಡ್ಡೆಗೆ ಗುದ್ದಿತು. ಮಗುಚಿದ ಬೈಕಿನ ಕಾದ ಸೈಲೆನ್ಸರ್ ತಾಗಿ ಅವಳ ಮೀನಖಂಡ ಸುಟ್ಟಿತು. ಹಸುವಿನ ಹಿಂದೆ ಅರ್ಧ ಹಿಂಡೇ ಪೊದೆಯೊಳಗೆ ಮಾಯವಾಯಿತು.

ಎದೆಯ ಮೇಲಿನ ರೇಡಿಯೋದಲ್ಲಿ, ಕೆಲಸದವರೆಲ್ಲ ಕೇಳುವ ಹಾಗೆ, ಡೆಸ್‌ನ ದನಿ ಬಂತು. "ಏನಮ್ಮಾ, ಒಂದ್ ನಿದ್ದೆ ತೆಗೆದ್ಯಾ? ವಯಸ್ಸಾಯ್ತು, ಮನೇಲಿ ಕೂತು ಟೀ ಮಾಡಬಾರ್ದಾ?"

ಯಾರೋ ನಕ್ಕರು. ಲೋರ್ನಾ ಬೈಕನ್ನು ಎತ್ತಿ ನಿಲ್ಲಿಸಿದಳು.

ದೊಡ್ಡಿಗೆ ಬಂದ ಮೇಲೆ ಊಟ ಮುಟ್ಟಲಿಲ್ಲ. ಎಂಜಿನ್ ಅಡಿಗೆ ಪೆಟ್ಟಿಗೆ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದಳು. ಹ್ಯಾಂಡಲನ್ನು ಒಂದು ಬೆರಳಿನಿಂದ ತಳ್ಳಿದಳು. ತಾನೇ ಜಾರಿ ಪಕ್ಕಕ್ಕೆ ವಾಲಬೇಕಾದದ್ದು ತಳ್ಳಿದಲ್ಲೇ ನಿಂತುಬಿಟ್ಟಿತು.

"ಡೆಸ್! ಬಾ ಇಲ್ಲಿ. ಇದನ್ನ ಬಿಗಿ ಮಾಡಿದ್ದು ಯಾರು?"

ಡೆಸ್ ಸ್ಯಾಂಡ್‌ವಿಚ್ ಜಗಿಯುತ್ತಲೇ ಬಂದ. "ಸಡಿಲ ಆಗಿತ್ತು ಕಣೆ. ನಿನ್ ಒಳ್ಳೇದಕ್ಕೇ ಮಾಡಿದ್ದು."

"ನಾನು ಆಸ್ಪತ್ರೆಲಿದ್ದಾಗ ನನ್ನ ನಾಯೀನ ಪಕ್ಕದ ಫಾರ್ಮಿಗೆ ಕೊಟ್ಯಲ್ಲ, ಅದೂ ನನ್ ಒಳ್ಳೇದಕ್ಕೇ? ನಿನ್ ಬಾಯಿಗೆ ಮಣ್ಣು ಹಾಕ! ಒಂದು ಮಾತು ಕೇಳಕ್ಕೆ ನಾಲಿಗೆ ಬಿದ್ದೋಗಿತ್ತಾ?"

"ಈಗ ನಾಯಿ ಯಾಕೆ ಬಂತು ಮಧ್ಯೆ?"

"ನಾಯಿ ಮಧ್ಯದಿಂದ ಹೋಗೇ ಇಲ್ಲ!"

ಕೆಲಸದವರು ಟೀ ಲೋಟ ಹಿಡಿದು ಬೇರೆ ಕಡೆ ತಿರುಗಿಕೊಂಡರು. ಲೋರ್ನಾ ಮೇಲಿನ ನಟ್ ಬಿಚ್ಚಿ, ಅದರಡಿಯ ಬಳೆನಟ್ಟನ್ನು ಕೊಕ್ಕೆ ಸ್ಪ್ಯಾನರಿನಿಂದ ತುಸುತುಸುವೇ ಸಡಿಲಿಸಿದಳು. ಮುಂದಿನ ಫೋರ್ಕಿನ ಕೆಳಗೆ ಹಿಡಿದು ಅಲುಗಿಸಿದಳು, ಕಟಕಟ ಸದ್ದಿಲ್ಲ. ಆದರೆ ಹ್ಯಾಂಡಲ್ ನೆಟ್ಟಗಾದಾಗಲೆಲ್ಲ ಗುಳಿಗೆ ಬಿದ್ದಂತೆ ಹಿಡಿಯುತ್ತಿತ್ತು. ಬಿಗಿತಕ್ಕೆ ಒಳಗಿನ ಬೇರಿಂಗೇ ತಗ್ಗು ಬಿದ್ದಿತ್ತು. ಹೊಸದು ದೂರದ ಪೇಟೆ ಚಾರ್ಲ್‌ವಿಲ್‌ನಿಂದ ಬರಬೇಕು.

ಅವಳು ಎದ್ದು ಡೆಸ್‌ನ ಬೈಕ್ ಹತ್ತಿದಳು. ಅದರ ಹ್ಯಾಂಡಲ್ ಮೇಲೆ ಬಿಗಿತ ಹೆಚ್ಚು ಕಡಿಮೆ ಮಾಡುವ ಗುಂಡಿಯಿತ್ತು. ಅದನ್ನು ಪೂರ್ತಿ ಸಡಿಲದ ಕಡೆಗೆ ತಿರುಗಿಸಿದಳು.

"ಏ, ನನ್ ಸೆಟ್ಟಿಂಗ್ ಮುಟ್ಬೇಡ! ಎಷ್ಟು ದಿನ ಒದ್ದಾಡಿ ಹೊಂದಿಸಿದ್ದು ಗೊತ್ತಾ?"

"ನೀನು ಜೀಪ್ ಓಡಿಸು. ಊಟದ ಡಬ್ಬಿ ತಗೊಂಡು ಬಾ."

ಸಂಜೆಯೊಳಗೆ ಅವಳು ಕೆಂಪು ಹಸುವನ್ನೂ ಅದರ ಬೆನ್ನುಹತ್ತಿದ ದನಗಳನ್ನೂ ದೊಡ್ಡಿಗೆ ತಂದು ಕೂಡಿಹಾಕಿದಳು. ಸುಟ್ಟ ಕಾಲು ಉರಿಯುತ್ತಿತ್ತು. ಸಿಟ್ಟು ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ದನ ಲಾರಿ ಹತ್ತುವವರೆಗೂ ಅಣ್ಣನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅವನ ಬೈಕನ್ನೂ ಅವಳು ಹಿಂತಿರುಗಿಸಲಿಲ್ಲ.

ಬೇರಿಂಗ್ ಬಂದ ದಿನ ಡೆಸ್ ಅದನ್ನು ತಾನೇ ಅವಳ ಮನೆಯ ಜಗಲಿಗೆ ತಂದ. ಟೋಪಿ ಕೈಯಲ್ಲಿ ಹಿಡಿದು, "ನಾನು ಹಾಕ್ಲಾ?" ಎಂದ.

"ಬೇಡ. ಚಕ್ರ ಹಿಡ್ಕೋ, ಸಾಕು."

ಅವನು ಟೋಪಿ ಕೆಳಗಿಟ್ಟು ಚಕ್ರ ಹಿಡಿದುಕೊಂಡ. ಅವಳು ಹಳೆಯದನ್ನು ಹೊಡೆದು ತೆಗೆದು, ಹೊಸದಕ್ಕೆ ಗ್ರೀಸ್ ಮೆತ್ತಿ ಕೂರಿಸಿದಳು. ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ, "ಭಾನುವಾರ ಪಕ್ಕದ ಫಾರ್ಮಿಗೆ ಹೋಗ್ತೀಯ. ನಾಯೀನ ವಾಪಸ್ ಕೇಳ್ತೀಯ. ಕೊಡಲ್ಲ ಅಂದ್ರೂ ಅಲ್ಲೇ ನಿಂತು ಕೇಳ್ತೀಯ," ಎಂದಳು.

ಡೆಸ್ ಹೋದ. ನಾಯಿ ಅಲ್ಲಿನ ಮಕ್ಕಳಿಗೆ ಒಗ್ಗಿಹೋಗಿತ್ತು, ಅವರು ಕೊಡಲಿಲ್ಲ. ಅವನು ಬರಿಗೈಯಲ್ಲಿ ಬಂದು ಅಂಗಳದಲ್ಲಿ ನಿಂತಾಗ ಲೋರ್ನಾ ಅವನಿಗೆ ಟೀ ಕೊಟ್ಟಳು, ಕೂತ್ಕೋ ಎನ್ನಲಿಲ್ಲ.