ಪುಕ್ಕಟೆ ಹಿಮ
ಚಳಿಗಾಲದಲ್ಲಿ ವಿಮಾನದ ಟಿಕೆಟು ಅಗ್ಗವೆಂದು ಟೊರಾಂಟೊ ನೋಡಲು ಬರುವ ಗೆಳೆಯರಿಗೆ, ಗೆಳೆಯರ ಗೆಳೆಯರಿಗೆ, ಆ ಊರಿನ ಸ್ಕಾರ್‌ಬರೋ ಬಡಾವಣೆಯ ಮಂಥನನ ಬೇಸ್‌ಮೆಂಟೇ ಛತ್ರ. ಹುಬ್ಬಳ್ಳಿಯ ಈ ವಿದ್ಯಾರ್ಥಿ ಬಂದವರಿಗೆ ಮೊದಲು ಚಹಾ ಕೊಡುವುದಿಲ್ಲ, ಜಾಕೆಟ್ಟು ಕೊಡುತ್ತಾನೆ. ಹಿಂದಿನವರು ಬಿಟ್ಟುಹೋದ ಜಾಕೆಟ್ಟುಗಳ ಗುಡ್ಡೆಯೇ ಅವನ ಬಾಗಿಲಲ್ಲಿದೆ. "ಈ ಊರಿನ ಎತ್ತರದ ಟವರ್ ಹತ್ತೂದ್ಯಾಕ್ರೀ? ರೊಕ್ಕ ದಂಡ. ಕೆಳಗ ನಿಂತ್ರ ಪೂರಾ ಕಾಣಸ್ತದ, ಪುಕ್ಕಟೆ!" ಎನ್ನುತ್ತಾನೆ. ಬೆರಳು ಮರಗಟ್ಟಿದರೆ ಲೈಬ್ರರಿಗೆ ನುಗ್ಗಿಸುತ್ತಾನೆ, ಕಿವಿ ಕೆಂಪಾದರೆ ಮಾಲ್‌ಗೆ. ಊರಿನ ಹೀಟರುಗಳೆಲ್ಲ ಅವನ ಪಿತ್ರಾರ್ಜಿತ ಆಸ್ತಿ. ಹಸಿದರೆ ಅವನ ಬ್ಯಾಗಿನಿಂದ ಚಪಾತಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಹೊರಬರುತ್ತವೆ. ಆದರೆ ಅವನಿಗೆ ನಿಜವಾದ ಹಬ್ಬವೆಂದರೆ ಹಿಮ ಬೀಳುವ ಬೆಳಗು. ಮಲಗಿದವರನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ, ಕೈಹಿಡಿದು ಮೆಟ್ಟಿಲು ಹತ್ತಿಸಿ, "ಈಗ ತಗೀರಿ!" ಎಂದು ಅವರಿಗಿಂತ ಮೊದಲು ತಾನೇ ಕುಣಿಯುತ್ತಾನೆ. "ಎಷ್ಟ ಸಲ ಕುಣೀತಿ? ನಿನಗ ಬ್ಯಾಸರ ಆಗಂಗಿಲ್ಲೇನೋ?" ಎಂದು ಅಂಥದೊಂದು ಬೆಳಗು, ಹೊಸ ಅತಿಥಿಗಳ ಜೊತೆ ಬೀದಿಯಲ್ಲಿ ನಿಂತಿದ್ದ ಸಹಪಾಠಿ ಧನುಶ್ರೀ ಕೇಳಿದಳು. ಮಂಥನ್ ಅಂಗೈಯ ಹಿಮವನ್ನು ಉಂಡೆ ಕಟ್ಟುತ್ತ ಹೇಳಿದ: "ನಾ ಮೊದಲ ಸಲ ನೋಡಿದಾಗ ಬಸ್‌ಸ್ಟಾಪಿನ್ಯಾಗ 'ಏ, ನೋಡ್ರಲೇ!' ಅಂತ ಒದರಿದ್ದೆ. ಒಬ್ಬರೂ ತಿರುಗಿ ನೋಡ್ಲಿಲ್ಲ. ಅದಕ್ಕ..." ಮಾತು ಮುಗಿಸದೆ ಉಂಡೆಯನ್ನು ಅವಳತ್ತ ಎಸೆದ. ಹೊಸದಾಗಿ ಬಂದವರೆಲ್ಲ ಹೋ ಎಂದು ಒದರಿದರು. ಇಡೀ ಬೀದಿ ತಿರುಗಿ ನೋಡಿತು.