ತೊರಕೆಯ ಚರ್ಮ ಬಿಡಿಸುವ ರಾಜೀವಿ

ಬಂಟ್ವಾಳದ ಮೀನು ಮಾರ್ಕೆಟಿನಲ್ಲಿ ಒಂದು ಕಟ್ಟುಪಾಡಿತ್ತು. ಕಾಲಲ್ಲಿ ಮೆಟ್ಟಿ ಹಿಡಿಯುವ, ಅಲಗು ಮೇಲಾದ ಮೆಟ್ಟುಕತ್ತಿಯ ಮೇಲೆ ಕೂತು ಮೀನು ಕೊಯ್ಯುವವಳನ್ನು ಯಾರೂ ಮುಟ್ಟಬಾರದು. ಜಗಳವೇನಿದ್ದರೂ ಅವಳು ಎದ್ದ ಮೇಲೆ. ರಾಜೀವಿಯ ಗಂಡ ಅದನ್ನು ಒಮ್ಮೆ ಮುರಿದಿದ್ದ. ಕುಡಿದು ಬಂದು ತುರುಬು ಹಿಡಿದೆಳೆದಾಗ ಅವಳು ಹಿಂದಕ್ಕೆ ಜಗ್ಗಿದ್ದಕ್ಕೆ ಎಡಗೈಯ ಕಿರುಬೆರಳು ಅಲಗಿಗೆ ಸಿಕ್ಕಿ, ಬುಟ್ಟಿಯ ಬಂಗುಡೆಗಳ ನಡುವೆ ಬಿತ್ತು. ಅವನು ಸತ್ತ ಮೇಲೂ ಐಸು ತಾಗಿದರೆ ಬೆರಳಿಲ್ಲದ ಜಾಗ ಉರಿಯುತ್ತಿತ್ತು.

ಈಚೆಗೆ ಅವಳು ಚಾಟಿಬಾಲದ ಚಪ್ಪಟೆ ತೊರಕೆ ಮೀನಿನ ಚರ್ಮವನ್ನು ಬಿಸಾಡದೆ ಐಸಿನ ಪೆಟ್ಟಿಗೆಯಲ್ಲಿ ತೆಗೆದಿಡುತ್ತಿದ್ದಳು. ಮೂಡುಬಿದಿರೆಯ ಕಾಲೇಜಿನಲ್ಲಿ ಸಂಶೋಧನೆ ಮಾಡುವ ನವ್ಯಾ ಎಂಬ ಹುಡುಗಿಗೆ ಅದು ಬೇಕಿತ್ತು.

"ಇದರಲ್ಲಿ ಎಂತ ಉಂಟು ಮಗಾ?"

"ಪ್ರೋಟೀನು ಉಂಟು ರಾಜೀವಕ್ಕ. ಅದನ್ನು ಸಣ್ಣ ಸಣ್ಣ ತುಂಡು ಮಾಡಿದ್ರೆ ಪೆಪ್ಟೈಡ್ ಅಂತ ಸಿಗ್ತದೆ. ಎಣ್ಣೆ ಗಾಳಿ ತಾಗಿ ಕಮಟಾಗ್ತದಲ್ಲ, ಅದನ್ನು ತಡೀತದೆ. ನಮ್ಮ ಮೈಯೊಳಗೂ ಹಾಗೇ ಹಾಳಾಗುವುದುಂಟು. ಅಲ್ಲಿಯೂ ತಡೀತದಾ ಅಂತ ನೋಡುವುದು."

"ನನ್ನ ಮೈಗೆ ತಡ ಆಯ್ತು ಬಿಡು," ಎಂದು ನಕ್ಕರೂ ಆ ಮಾತು ಅವಳ ಎದೆಯಲ್ಲಿ ಕೂತಿತ್ತು.

ಶೇಖರನಿಗೆ ಮಾತ್ರ ಇದು ಸೇರಲಿಲ್ಲ. ಮಾರ್ಕೆಟಿನ ತಲೆ, ಕರುಳು, ಚರ್ಮವನ್ನೆಲ್ಲ ಡ್ರಮ್ಮಿಗೆ ತುಂಬಿ ಮೀನುಹುಡಿಯ ಕಾರ್ಖಾನೆಗೆ ಸಾಗಿಸುವವನು ಅವನು.

ನವ್ಯಾಳ ಪ್ರಯೋಗ ಆಗಲೇ ಒಮ್ಮೆ ಕೆಟ್ಟಿತ್ತು. ಆ ಶನಿವಾರ ಬೆಳಗ್ಗಿನ ಬಸ್ಸಿಗೆ ಚರ್ಮ ಹೋಗದಿದ್ದರೆ ಲ್ಯಾಬಿನ ಯಂತ್ರದ ಸರದಿ ಬೇರೆಯವರ ಪಾಲಾಗುತ್ತಿತ್ತು. ಕಳಿಸಿಯೇ ಕಳಿಸುತ್ತೇನೆಂದು ರಾಜೀವಿ ಮಾತು ಕೊಟ್ಟಿದ್ದಳು.

ಅಂದು ಬೆಳಗ್ಗೆ ಅವಳು ಕತ್ತಿ ಮೆಟ್ಟಿ ಕೂತಿದ್ದಾಗ ಶೇಖರ ಬಂದು ಚರ್ಮದ ಪೆಟ್ಟಿಗೆಗೆ ಒದ್ದ. ಚರ್ಮವೆಲ್ಲ ನೆಲಕ್ಕೆ ಚೆಲ್ಲಿತು.

"ಡಾಕ್ಟ್ರು ಆಗ್ಲಿಕ್ಕೆ ಹೊರಟಿದ್ದೀಯಾ? ಇಲ್ಲಿಯ ಕಸ ಎಲ್ಲ ನಂದು!"

"ನಿನ್ನ ಬಾಯಿಂದ ಬರುವ ಕಸ ಸಾಕು ಮಾರಾಯ, ಅದನ್ನೇ ತುಂಬಿಸಿಕೊ."

ಅವಳ ಬಾಯಿಗೇ ಗುದ್ದಿದ. ಹಲ್ಲೊಂದು ಮುರಿಯಿತು. ಅವಳು ಅಲುಗಲಿಲ್ಲ.

"ಕತ್ತಿ ಮೆಟ್ಟಿ ಕೂತಿದ್ದೇನೆ ಶೇಖರ. ಮುಟ್ಟಬೇಡ."

ಅವನು ತುರುಬಿಗೇ ಕೈ ಹಾಕಿದ. ಈ ಸಲ ಅವಳು ಹಿಂದಕ್ಕೆ ಜಗ್ಗಲಿಲ್ಲ. ನಾಲ್ಕೇ ಬೆರಳಿನ ಕೈಯಿಂದ ಅವನ ಮಣಿಕಟ್ಟು ಹಿಡಿದು ಅಲಗಿನ ಮೇಲೆಳೆದಳು. ಮೊಣಕೈಯವರೆಗೆ ಮಾಂಸ ಬಾಯಿ ಬಿಟ್ಟಿತು. ಅವನ ಕೂಗಿಗೆ ಮಾಡಿನ ಕಾಗೆಗಳೆಲ್ಲ ಎದ್ದವು.

ಪಕ್ಕದ ಅಂಗಡಿಯ ಅಬ್ದುಲ್ ಶುಕೂರ್ ಓಡಿ ಬಂದು, ಹೆಗಲ ಮೇಲಿನ ಬೈರಾಸಿನಿಂದ ಆ ಕೈಯನ್ನು ಬಿಗಿದು, ಅವನನ್ನು ಆಸ್ಪತ್ರೆಗೆಂದು ರಿಕ್ಷಾ ಹತ್ತಿಸಿದ. ಚರ್ಮದ ಮೇಲೆಲ್ಲ ರಕ್ತ ಹಾರಿತ್ತು.

"ತೊಳೆದ್ರೆ ಆಗ್ಲಿಕ್ಕಿಲ್ವಾ ರಾಜೀವಕ್ಕ?" ಶುಕೂರ್ ಕೇಳಿದ.

"ಮನುಷ್ಯನ ರಕ್ತ ತಾಗಿದ್ದು ಆ ಮಗುವಿಗೆ ಬೇಡ."

ಅದನ್ನೆಲ್ಲ ಬಾಚಿ ಶೇಖರನ ಡ್ರಮ್ಮಿಗೆ ಸುರಿದಳು. ಕತ್ತಿ ತೊಳೆದಳು. ಮಾರಲು ಇಟ್ಟಿದ್ದ ದೊಡ್ಡ ತೊರಕೆಯನ್ನೆಳೆದುಕೊಂಡು, ಬಾಯಿಯ ರಕ್ತ ಉಗುಳಿ, ಮತ್ತೆ ಮೆಟ್ಟಿ ಕೂತಳು.

"ಬಸ್ಸಿನವನಿಗೆ ಸ್ವಲ್ಪ ನಿಲ್ಲಲಿಕ್ಕೆ ಹೇಳಿ ಶುಕೂರಾಕ."

"ಅಷ್ಟರೊಳಗೆ ಪೊಲೀಸರು ಬಂದ್ರೆ?"

"ಬರಲಿ." ಅವಳು ಚರ್ಮದ ಅಂಚಿಗೆ ಜಾರದಂತೆ ಬೂದಿ ಹಚ್ಚಿ ಹಿಡಿದೆಳೆದಳು. "ನಾನು ಎದ್ದ ಮೇಲೆ ಮಾತಾಡುವ."