ಸಣ್ಣಯ್ಯ ಈ ಸಲ ಒಲೆ ಬಿಟ್ಟೇಳಲಿಲ್ಲ

ಹನಗೋಡಿನ ಸುತ್ತಮುತ್ತ ಹೊಗೆಸೊಪ್ಪು ಬೇಯಿಸುವುದರಲ್ಲಿ ಸಣ್ಣಯ್ಯನನ್ನು ಮೀರಿಸಿದ ಕೈ ಇನ್ನೊಂದಿರಲಿಲ್ಲ. ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನು ಎಂದು ಕರೆಯುವ ಕಿಟಕಿಯಿಲ್ಲದ ಎತ್ತರದ ಇಟ್ಟಿಗೆ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕಬೇಕು. ಹೊರಗಿನ ಒಲೆಗೆ ಸೌದೆ ಹಾಕಬೇಕು. ಅದರ ಬಿಸಿ ಒಳಗಿನ ಕೊಳವೆಗಳಲ್ಲಿ ಹರಿದು ಎಲೆ ಬಂಗಾರದ ಬಣ್ಣಕ್ಕೆ ತಿರುಗುವವರೆಗೆ ಐದಾರು ದಿನ ಕಾಯಬೇಕು. ಉಳಿದವರು ಒಳಗೆ ನೇತುಹಾಕಿದ ಥರ್ಮಾಮೀಟರನ್ನು ನೋಡಿ ಬೆಂಕಿ ಏರಿಸುತ್ತಿದ್ದರು. ಸಣ್ಣಯ್ಯ ಮಾತ್ರ ಬಾಗಿಲಿಗೆ ಅಂಗೈ ಇಟ್ಟು, ಮೂಗರಳಿಸಿ, "ಇನ್ನೆಲ್ಡು ಕೊರಡು ಸಾಕು" ಎನ್ನುತ್ತಿದ್ದ. ಅಷ್ಟೇ ಸಾಕಾಗುತ್ತಿತ್ತು.

ಅಂಥ ಸಣ್ಣಯ್ಯ ಒಂಬತ್ತು ವರ್ಷದ ಹಿಂದೆ ಜವರಯ್ಯನ ಬ್ಯಾರನ್ನು ಸುಟ್ಟುಹಾಕಿದ. ಬೇಕೆಂದು ಸುಟ್ಟದ್ದಲ್ಲ, ಬಾಡೂಟದ ಆಸೆಗೆ ಬಿದ್ದು ಸುಟ್ಟದ್ದು.

ಜವರಯ್ಯ ಜಮೀನಿದ್ದ ಕುಳ. ಸಣ್ಣಯ್ಯನ ಕೈಗೆ ಒಲೆ ಒಪ್ಪಿಸಿದನೆಂದರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆವತ್ತು ರಾವಂದೂರಿನಲ್ಲಿ ಸಣ್ಣಯ್ಯನ ಷಡ್ಡಕ ನಂಜಣ್ಣನ ಮನೆಯ ಬೀಗರೂಟ. ಬ್ಯಾರನ್ನಿನಲ್ಲಿ ಎಲೆ ಬಣ್ಣಕ್ಕೆ ಬಂದಿತ್ತು, ದಂಟು ಒಣಗುವುದೊಂದು ಬಾಕಿ. ಉಂಡು ಬರುವಷ್ಟರಲ್ಲಿ ಬೆಂಕಿ ಆರದಿರಲಿ ಎಂದು ಸಣ್ಣಯ್ಯ ಒಲೆಯ ಬಾಯ್ತುಂಬ ಸೌದೆ ತುರುಕಿ ಬಸ್ಸು ಹತ್ತಿದ. ಇತ್ತ ಕೊಳವೆ ಕೆಂಪಗೆ ಕಾಯಿತು. ಮೇಲಿನಿಂದ ಒಂದು ಒಣಗಿದ ಎಲೆ ಅದರ ಮೇಲೆ ಉದುರಿತು. ಮಧ್ಯಾಹ್ನ ಅವನು ಬಸ್ಸಿಳಿಯುವಾಗ ಸೂರು ಕುಸಿದಿತ್ತು, ನಾಲ್ಕು ಇಟ್ಟಿಗೆ ಗೋಡೆಗಳಷ್ಟೇ ಮುಗಿಲಿಗೆ ಬಾಯಿ ತೆರೆದು ನಿಂತಿದ್ದವು. ಸಣ್ಣಯ್ಯನ ಬೆರಳುಗಳಲ್ಲಿ ಇನ್ನೂ ಸಾರಿನ ವಾಸನೆ ಇತ್ತು.

ಜವರಯ್ಯ ಕೈ ಎತ್ತಲಿಲ್ಲ. "ನನ್ನ ಒಲೆಗಿಂತ ನಿಂಗೆ ಬಾಡು ಎಚ್ಚಾಯ್ತೇನ್ಲಾ? ಇನ್ನು ನನ್ನ ಎದುರ್ಗೆ ಬರಬ್ಯಾಡ ಓಗು" ಎಂದ. ಅದೇ ಕೊನೆಯ ಮಾತು. ಆಮೇಲೆ ಹೊಲದ ದಾರಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಬ್ಯಾರನ್ನು ಸುಟ್ಟವನನ್ನು ಯಾರು ತಾನೇ ಒಲೆಗೆ ಕರೆದಾರು? ಆ ಮಳೆಗಾಲ ಸಣ್ಣಯ್ಯನ ಮನೆಯ ಒಲೆ ಒಂದು ಹೊತ್ತು ಉರಿದರೆ ಎರಡು ಹೊತ್ತು ತಣ್ಣಗಿರುತ್ತಿತ್ತು. ಹೀಗಿರುವಾಗ ಒಂದು ಸೋಮವಾರ ಬೆಳಗ್ಗೆ ಹೆಂಡತಿ ಚಾಮುಂಡಮ್ಮ ಕಸ ಗುಡಿಸಲು ಬಾಗಿಲು ತೆಗೆದರೆ ಹೊಸಿಲ ಪಕ್ಕ ಒಂದು ಚೀಲ. ಅದರಲ್ಲಿ ರಾಗಿ. ಮುಂದಿನ ಸೋಮವಾರವೂ ಬಂತು, ಅದರ ಮುಂದಿನದಕ್ಕೂ ಬಂತು. ಸಣ್ಣಯ್ಯ ಕಾದು ಕೂತು ನೋಡುತ್ತೇನೆಂದು ಹೊರಟಾಗ ಚಾಮುಂಡಮ್ಮ ತಡೆದಳು.

"ಸುಮ್ಕಿರಿ. ಮುಖ ಕಾಣಬಾರ್ದು ಅಂತಾನೇ ಇಟ್ಟೋಯ್ತಾವ್ರೆ. ಕಂಡ್ಬುಟ್ರೆ ಅವ್ರಿಗೂ ನಾಚ್ಕೆ, ನಮ್ಗೂ ನಾಚ್ಕೆ."

ನಾಲ್ಕು ತಿಂಗಳು ಆ ರಾಗಿ ಬಂತು. ಅಷ್ಟರಲ್ಲಿ ಸಣ್ಣಯ್ಯನಿಗೆ ಹುಣಸೂರಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಮನೆಗೆ ತಾನೇ ರಾಗಿ ತಂದ ಮೊದಲ ವಾರ, ಅದರಲ್ಲಿ ಒಂದು ಸೇರು ತೆಗೆದು, ಗಂಡ ಸತ್ತ ಹೆಂಗಸೊಬ್ಬಳ ಹೊಸಿಲ ಬಳಿ ಇಟ್ಟು ಬಂದ. ಮುಂದಿನ ಸೋಮವಾರ ಹತ್ತು ಮನೆಯವರನ್ನು ಒಂದೊಂದು ಸೇರು ಕೇಳಿದ. ಬರುಬರುತ್ತಾ ಅದಕ್ಕೆ 'ಸೋಮವಾರದ ಸೇರು' ಎಂದೇ ಹೆಸರು ಬಿತ್ತು. ಮನೆ ಮುರಿದವರಿಗೆ, ಮಲಗಿದಲ್ಲೇ ಆದವರಿಗೆ, ದುಡಿಯುವ ಕೈ ಕಳೆದುಕೊಂಡವರಿಗೆ ರಾಗಿ, ಕಾಳು, ಉಪ್ಪು, ಎಣ್ಣೆ ಹೊಸಿಲಿಗೆ ಬಂದು ಕೂರುತ್ತಿತ್ತು. ಕೊಟ್ಟವರ ಹೆಸರಿಲ್ಲ, ತೆಗೆದುಕೊಂಡವರ ಫೋಟೋ ಇಲ್ಲ. ಒಮ್ಮೆ ಯಾರೋ ಪೇಟೆಯವರು ನಾಲ್ಕು ಚೀಲ ಅಕ್ಕಿಗೆ ಎಂಟು ಮಾರಿನ ಬ್ಯಾನರ್ ತಂದಿದ್ದರು. ಸಣ್ಣಯ್ಯ ಕೈಮುಗಿದು, "ಅಕ್ಕಿ ಕೊಟ್ಟು ಓಗಿ ಸ್ವಾಮಿ. ಬ್ಯಾನರೂ ಕೊಡಿ, ರಾಗಿ ಒಣಗಾಕಕ್ಕೆ ಬೇಕಾಯ್ತದೆ" ಎಂದಿದ್ದ. ಇವತ್ತು ಆ ಸೇರು ಹುಣಸೂರು ದಾಟಿ ಪಿರಿಯಾಪಟ್ಟಣದ ಹಳ್ಳಿಗಳಿಗೂ ಹಬ್ಬಿದೆ.

ಈ ವರ್ಷ ಏಪ್ರಿಲ್ ಮಳೆಗೆ ಅದೇ ಊರಿನ ಕೂಲಿ ಹೆಂಗಸು ಪ್ರಮೀಳಾಳ ಮನೆಯ ಗೋಡೆ ಬಿತ್ತು. ಗಂಡ ಶಶಿಯ ಕಾಲಿನ ಮೇಲೇ ಬಿತ್ತು. ಅವನು ಮೈಸೂರಿನ ಆಸ್ಪತ್ರೆ ಸೇರಿದ. ಮುಖ್ಯೋಪಾಧ್ಯಾಯ ಷಣ್ಮುಖಪ್ಪನವರು ಬೇಸಿಗೆ ರಜೆಯಲ್ಲಿ ಖಾಲಿಯಿದ್ದ ಶಾಲೆಯ ಕೋಣೆಯೊಂದನ್ನು ತೆಗೆದುಕೊಟ್ಟರು. ಸೇರಿನ ರಾಗಿ ತಪ್ಪದೆ ಬಂತು. ಆದರೆ ಮೇ ತಿಂಗಳ ಕೊನೆಗೆ ಶಾಲೆ ತೆರೆಯಬೇಕು, ಕೋಣೆ ಬಿಡಬೇಕು. ಪ್ರಮೀಳಾ ಲೆಕ್ಕ ಹಾಕಿ ಮುಗಿಸಿದ್ದಳು: ತಾನು ಕೊಡಗಿನ ಕಾಫಿ ತೋಟದ ಕೂಲಿಯವರ ಲೈನ್ ಮನೆಗೆ, ದೊಡ್ಡ ಮಗಳು ರೂಪಶ್ರೀ ಕೆ.ಆರ್. ನಗರದ ಅತ್ತೆ ಮನೆಗೆ, ಚಿಕ್ಕವಳು ರಮ್ಯಶ್ರೀ ಎಚ್.ಡಿ. ಕೋಟೆಯ ಅಜ್ಜಿ ಮನೆಗೆ. ಸಣ್ಣಯ್ಯ ಎಣ್ಣೆ ಡಬ್ಬ ಇಟ್ಟು ಹೊರಡುವಾಗ ರಮ್ಯಶ್ರೀ ಅವನ ಪಂಚೆ ಹಿಡಿದಳು.

"ತಾತ, ಅಕ್ಕಂಗೂ ನಂಗೂ ಇರದು ಒಂದೇ ಬಾಚಣ್ಗೆ. ಅದು ಯಾರತ್ರ ಇರ್ತದೆ?"

ಯೋಚಿಸುವ ಮೊದಲೇ ಸಣ್ಣಯ್ಯನ ಬಾಯಿಂದ ಮಾತು ಹೊರಬಿತ್ತು: "ಅದು ಒಂದೇ ಗೋಡೆಗೆ ಸಿಗಿಸಿರ್ತದೆ ಕಣವ್ವ. ಸ್ಕೂಲು ಬಾಗ್ಲು ತೆಗೆಯೋದ್ರೊಳ್ಗೆ ನಿಮ್ಗೊಂದು ಮನೆ ಮಾಡ್ಕೊಡ್ತೀನಿ."

ಉಳಿದದ್ದು ಹದಿನೆಂಟು ದಿನ. ಗಾರೆ ಕೆಲಸದ ಮಾದೇಶ್ ತಲೆ ಕೆರೆದುಕೊಂಡ. "ಪಾಯ ತೋಡಿ ಗೋಡೆ ಎಬ್ಬಿಸಾಕೆ ಎಲ್ಡು ತಿಂಗ್ಳು ಬೇಕು ಕಣಣ್ಣ. ಗೋಡೆ ಇದ್ರೆ ಸೂರು ಏರಿಸಬೌದು. ಗೋಡೆ ಎಲ್ಲವೆ?"

ಗೋಡೆ ಎಲ್ಲಿವೆ ಎಂದು ಸಣ್ಣಯ್ಯನಿಗೆ ಗೊತ್ತಿತ್ತು. ಇಡೀ ಊರಿಗೇ ಗೊತ್ತಿತ್ತು. ಮಾದೇಶ್ ತಾನು ಹೋಗಿ ಕೇಳುತ್ತೇನೆಂದ. ಸಣ್ಣಯ್ಯ ಬೇಡವೆಂದ. "ಸುಟ್ಟೋನು ನಾನು. ಕೇಳೋನೂ ನಾನೇ."

ಜವರಯ್ಯ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಹೊಗೆಸೊಪ್ಪು ಬಿಟ್ಟು ಈಗ ಶುಂಠಿ, ಜೋಳ ಹಾಕುತ್ತಿದ್ದವನು. ಒಳಬಾಗಿಲಲ್ಲಿ ಅವನ ಹೆಂಡತಿ ಸುನಂದಮ್ಮ ಕಾಳು ಕೇರುತ್ತಿದ್ದಳು. ಸಣ್ಣಯ್ಯ ಅಂಗಳದಲ್ಲೇ ನಿಂತ.

"ಜವರಣ್ಣ, ಆ ಬ್ಯಾರನ್ನು ಬೇಕಾಗಿತ್ತು."

ಜವರಯ್ಯ ತಲೆ ಎತ್ತಲಿಲ್ಲ. "ಯಾಕೆ, ಗೋಡೆ ಉಳ್ಕಂಡವೆ ಅಂತ ಒಟ್ಟೆ ಉರೀತದಾ? ಓಗು, ಅವನ್ನೂ ಸುಟ್ಟಾಕ್ಬುಡು."

ಸಣ್ಣಯ್ಯ ಪ್ರಮೀಳಾಳ ಸಂಗತಿ ಹೇಳಿದ. ಬಾಚಣಿಗೆಯ ಮಾತನ್ನೂ ಹೇಳಿದ. ಹಗ್ಗ ಹೊಸೆಯುವ ಕೈ ಒಂದು ಗಳಿಗೆ ನಿಧಾನವಾಗಿ ಮತ್ತೆ ಬಿರುಸಾಯಿತು.

"ಆಗಾಕಿಲ್ಲ. ಅದು ಅಂಗೇ ನಿಂತಿರ್ಲಿ. ನೋಡ್ದಾಗೆಲ್ಲ ನಿನ್ನ ಬೀಗರೂಟ ನೆನಪಾಗ್ಬೇಕು ನಂಗೆ."

"ನಂಗೂ ನೆನಪಾಯ್ತದೆ ಅಣ್ಣ. ಆವತ್ತಿಂದ ನಾನು ಬಾಡು ಮುಟ್ಟಿಲ್ಲ."

ಕೇರುವ ಮೊರದ ಸದ್ದು ನಿಂತಿತು. "ಕೇಳುಸ್ತಾ?" ಎಂದಳು ಸುನಂದಮ್ಮ. "ಒಂಬತ್ತು ವರ್ಸ ಬಾಡು ಬುಟ್ಟವ್ನಂತೆ. ಇನ್ನು ನಿಮ್ದೂ ಒಸಿ ಏಳಿ. ಸೋಮಾರ ಸೋಮಾರ ರಾಗಿ ತುಂಬೋ ವಾಡೇಲಿಂದ ಅಳ್ದು, 'ಅವ್ನ ಬಾಗ್ಲತಾವ ಮಡಗ್ಬುಟ್ಟು ಬಾ, ನಂದು ಅಂತ ಗೊತ್ತಾಗ್ಬಾರ್ದು' ಅಂತಿದ್ದೋರು ಯಾರು? ನಾನಾ?"

ಸಣ್ಣಯ್ಯ ಅಂಗಳ ದಾಟಿ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತ. ಒಂಬತ್ತು ವರ್ಷ ಯಾರ ಮುಖ ನೋಡಲು ಹೆದರಿದ್ದನೋ ಅದೇ ಮುಖ ಈಗ ಎದುರಿಗೆ ಕೆಂಪಾಗಿತ್ತು, ಸಿಟ್ಟಿಗೋ ನಾಚಿಕೆಗೋ ತಿಳಿಯದು.

"ಬಾಯಿ ಮುಚ್ಕೊಂಡಿರಾಕ್ಕಾಗಾಕಿಲ್ವೇನೆ ನಿಂಗೆ!" ಎಂದು ಹೆಂಡತಿಗೆ ಗದರಿದ ಜವರಯ್ಯ ಸಣ್ಣಯ್ಯನತ್ತ ತಿರುಗಿದ. "ಕ್ವಾಪ ಇದ್ದದ್ದು ನಿನ್ನ ಮ್ಯಾಲೆ ಕಣ್ಲಾ. ನಿನ್ನ ಎಡ್ತಿ ಮಕ್ಳ ಮ್ಯಾಲೆ ಏನಿತ್ತು ನಂಗೆ?" ಹೊಸೆದ ಹಗ್ಗವನ್ನು ಪಕ್ಕಕ್ಕೆ ಇಟ್ಟ. "ತಗಂಡೋಗು. ಬ್ಯಾರನ್ನೂ, ಸುತ್ತ ಹತ್ತತ್ತು ಅಡಿ ಜಾಗಾನೂ. ಮೇಷ್ಟ್ರ ಕೈಲಿ ಕಾಗ್ದ ಬರ್ಸು, ಎಬ್ಬೆಟ್ಟು ಒತ್ತೀನಿ. ಆದ್ರೆ ಒಂದು ಮಾತು. ಆಲು ಉಕ್ಸೋ ದಿನ ಒಲೆ ಮುಂದೆ ನೀನೇ ಕೂರ್ಬೇಕು. ಯಾವ ಊಟಕ್ಕೆ ಯಾರು ಕರುದ್ರೂ ಕದಲಕೂಡ್ದು. ಎದ್ಯೋ, ಮನೆ ವಾಪಸ್ಸು!"

ಮರುದಿನವೇ ಮುಯ್ಯಾಳು ಕೂಡಿತು. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು, ಆ ದಿನವನ್ನು ಅವರು ಇವರ ಹೊಲದಲ್ಲಿ ದುಡಿದು ತೀರಿಸುವ ಪದ್ಧತಿ ಅದು. ಪ್ರಮೀಳಾ ಸೆರಗು ಬಿಗಿದು ಎಲ್ಲರ ಮುಂದೆ ಹೇಳಿದಳು: "ಧರ್ಮಕ್ಕೆ ಅಂತ ಯಾರೂ ಬರಬ್ಯಾಡಿ. ಬಂದೋರ ಹೊಲಕ್ಕೆಲ್ಲ ನಾನು ಒಂದೊಂದು ದಿನ ಬತ್ತೀನಿ." ಹಾಗಂದ ಮೇಲೆ ಜನ ಇನ್ನೂ ಹೆಚ್ಚು ಬಂದರು.

ಗಂಡಸರು ಒಳಗೆ ಬೆಳೆದಿದ್ದ ಮುಳ್ಳುಕಂಟಿ ಕಡಿದರು. ಮಾದೇಶ್ ಕಿಟಕಿಯೇ ಇಲ್ಲದ ಗೋಡೆಗೆ ಎರಡು ಕಿಟಕಿ ಕೊರೆದ. ತಲೆ ಬಗ್ಗಿಸಿ ನುಗ್ಗಬೇಕಿದ್ದ ಬಾಗಿಲನ್ನು ಎತ್ತರಿಸಿದ. ಹೆಂಗಸರು ಮಸಿ ಉಜ್ಜಿ ಮೂರು ಸಲ ಸುಣ್ಣ ಬಳಿದರು. ಆದರೂ ಹೊಗೆಸೊಪ್ಪಿನ ಘಾಟು ಹೋಗದೆ, ರಮ್ಯಶ್ರೀ ಒಳಗೆ ಕಾಲಿಟ್ಟಾಗಲೆಲ್ಲ ಸೀನುತ್ತಿದ್ದಳು. ತಾರಸಿ ಹಾಕಿಸಿಕೊಂಡವರ ಹಿತ್ತಲುಗಳಲ್ಲಿ ಹಳೆಯ ಹೆಂಚು ಪೇರಿಸಿಟ್ಟಿದ್ದವು. ತಲೆಯ ಮೇಲೆ, ಸೈಕಲ್ಲಿನ ಮೇಲೆ, ಗಾಡಿಯಲ್ಲಿ ಅವು ಬಂದವು.

ಅಷ್ಟಾದರೂ ಹೆಂಚು ಸಾಲದೆ ಕಾಲುಭಾಗ ಸೂರು ಬಯಲಾಗೇ ಉಳಿಯಿತು. ಶಾಲೆ ತೆರೆಯಲು ಮೂರೇ ದಿನ. ಬಡಗಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಸಣ್ಣಯ್ಯ ಸೂರಿನ ಮೇಲೆ ಕೂತು ಆ ಬಯಲನ್ನೇ ನೋಡುತ್ತಿದ್ದಾಗ ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಟ್ರೈಲರಿನ ತುಂಬ ಹೆಂಚು, ಹೆಂಚಿನ ಮೇಲೆ ರಾವಂದೂರಿನ ಷಡ್ಡಕ ನಂಜಣ್ಣ.

"ನನ್ನ ಮನೆ ಬೀಗರೂಟದಿಂದ ಸುಟ್ಟೋದ ಸೂರು ಕಣ್ಲಾ ಇದು!" ಎಂದು ಅವನು ಅಲ್ಲಿಂದಲೇ ಕೂಗಿದ. "ಅದ್ರ ಮ್ಯಾಲೆ ನನ್ನ ಮನೆ ಎಂಚೇ ಕೂರ್ಲಿ. ಇಳೀರೋ, ಇಳಿಸ್ಕಳ್ರೋ!"

ಸಾಲುಗಟ್ಟಿ ನಿಂತ ಕೈಯಿಂದ ಕೈಗೆ ಹೆಂಚು ಏರಿದವು. ಸಾಲಿನ ನಡುವೆ ಜವರಯ್ಯನೂ ನಿಂತಿದ್ದ. ಕೊನೆಯ ಹೆಂಚು ಕೂತು ಅರ್ಧ ಗಂಟೆಗೆ ಮಳೆ ಹೊಡೆಯಿತು. ಇಪ್ಪತ್ತು ಮಂದಿ ಒಳಗೆ ಒತ್ತೊತ್ತಾಗಿ ನಿಂತು ಮೇಲೆ ನೋಡಿದರು. ಒಂದು ಹನಿ ಬೀಳಲಿಲ್ಲ. ಯಾರೋ ಕೇಕೆ ಹಾಕಿದರು, ಎಲ್ಲರೂ ಕೂಡಿಕೊಂಡರು. ಆ ಸದ್ದಿಗೆ ಮಳೆಯ ಸದ್ದು ಕೇಳಿಸದಾಯಿತು.

ಶಾಲೆ ತೆರೆಯುವ ಹಿಂದಿನ ದಿನ ಬೆಳಗ್ಗೆ ಹಾಲು ಉಕ್ಕಿಸಿದರು. ಶಶಿಯನ್ನು ಆಟೋದಿಂದ ನಾಲ್ವರು ಎತ್ತಿ ತಂದು ಒಳಗೆ ಕೂರಿಸಿದರು. ಬ್ಯಾರನ್ನಿನ ಹಳೆಯ ಒಲೆಯನ್ನು ಸರಿಮಾಡಿ, ಆವತ್ತಿನ ಅಡುಗೆಗೂ ಮುಂದೆ ಸ್ನಾನದ ನೀರಿಗೂ ಆಗುವಂತೆ ಇಟ್ಟುಕೊಂಡಿದ್ದರು. ಅದರ ಮುಂದೆ ಸಣ್ಣಯ್ಯ ಚಕ್ಕಳಮಕ್ಕಳ ಹಾಕಿ ಕೂತ. ಹಾಲು ಉಕ್ಕಿತು, ಅವನು ಏಳಲಿಲ್ಲ. ಬಸ್ಸಾರು ಕುದಿಯಿತು, ಪಾಯಸ ಇಳಿಯಿತು, ಅಂಗಳದಲ್ಲಿ ಎಲೆ ಹಾಕಿದರು. ಅವನು ಏಳಲಿಲ್ಲ.

"ಬಾರ್ಲಾ, ಮುದ್ದೆ ಆರೋಯ್ತದೆ!" ಎಂದು ನಂಜಣ್ಣ ಬೇಕೆಂದೇ ಕೆಣಕಿದ.

"ನಿನ್ನ ಊಟದ ಸವಾಸ ಒಂದ್ಸಲಕ್ಕೇ ಸಾಕಾಯ್ತು, ಓಗು" ಎಂದ ಸಣ್ಣಯ್ಯ, ಸೌದೆ ಮುಂದಕ್ಕೆ ತಳ್ಳುತ್ತ. ಪಂಕ್ತಿಯೆಲ್ಲ ನಕ್ಕಿತು.

ಜವರಯ್ಯ ಪಂಕ್ತಿಯಿಂದ ಎದ್ದ. ಎರಡು ಎಲೆ ತಂದು ಒಲೆಯ ಮುಂದೆ ಹಾಸಿದ, ಒಂದರ ಮುಂದೆ ತಾನೇ ಕೂತ. ಸುನಂದಮ್ಮ ಬಂದು ಇಬ್ಬರಿಗೂ ಮುದ್ದೆ ಇಟ್ಟಳು.

"ಇವತ್ತು ಬಾಡಿಲ್ಲ" ಎಂದ ಜವರಯ್ಯ, ಸಾರಿಗೆ ಗುಣಿ ಮಾಡಿಕೊಳ್ಳುತ್ತ. "ನಾಳಿದ್ದು ನಮ್ಮನೇಲಿ ಕೋಳಿ ಕುಯ್ತೀವಿ. ಚಾಮುಂಡವ್ವನ್ನೂ ಕರ್ಕಂಡು ಬಾ. ಆವಾಗ ಎಲ್ಲೋ ಒಲೆ ಅತ್ಸಿದ್ದೀನಿ ಅಂತ ನೆಪ ಏಳ್ಬ್ಯಾಡ."

ಸಣ್ಣಯ್ಯ ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟ. ಕಣ್ಣು ಒದ್ದೆಯಾದದ್ದಕ್ಕೆ ಹೊಗೆ ತಾಗಿದೆ ಎಂದುಕೊಳ್ಳಬಹುದಿತ್ತು. ಎಡಗೈ ಚಾಚಿ ಒಲೆಯ ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. ಗೋಡೆ ಹದವಾಗಿ ಬೆಚ್ಚಗಿತ್ತು. ಅದರ ಆಚೆ ಬದಿಯ ಮೊಳೆಗೆ ಬಾಚಣಿಗೆ ಸಿಗಿಸುತ್ತಿದ್ದ ರಮ್ಯಶ್ರೀ ಮತ್ತೊಮ್ಮೆ ಜೋರಾಗಿ ಸೀನಿದಳು.